ಪಿಪಿ ನಂಬರಿನ ದೊಡ್ಡಮ್ಮ

ಫೋನು ಎತ್ತುವ ಮುಂಚೆ ದೊಡ್ಡಮ್ಮ ಬಲಗಿವಿಯ ಓಲೆ ಬಿಚ್ಚುತ್ತಿದ್ದರು. ಏಳು ಕಲ್ಲಿನ ಓಲೆ, ಅದರ ಭಾರಕ್ಕೆ ಕಿವಿಯ ತೂತು ಗೀಟಿನಂತೆ ಉದ್ದವಾಗಿತ್ತು. ರಿಸೀವರು ಒತ್ತಿದರೆ ನೋವು. ಅತ್ತ ಫೋನು ಬಡಿದುಕೊಳ್ಳುತ್ತಿದ್ದರೂ ಇವರು ನಿಧಾನವಾಗಿ ತಿರುಪು ಬಿಚ್ಚಿ, ಓಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ‘ಅಲೋ, ಯಾರು?’ ಅನ್ನುವಷ್ಟರಲ್ಲಿ ಅರ್ಧ ಜನ ಇಟ್ಟೇಬಿಟ್ಟಿರುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಜರ್‌ಬಾದಿನ ನಮ್ಮ ಬೀದಿಗೆ ಇದ್ದದ್ದು ಅದೊಂದೇ ಫೋನು. ಅವರ ಯಜಮಾನರು ಲಾರಿ ಇಟ್ಟಿದ್ದವರು, ಅದಕ್ಕೆ ಹಾಕಿಸಿದ್ದು. ದೊಡ್ಡಮ್ಮ ನಮಗೆ ನೆಂಟರೇನಲ್ಲ, ಪಕ್ಕದ ಮನೆಯವರು. ಯಾವ ಅರ್ಜಿ ತುಂಬಿಸಿದರೂ ನಾವು ಅವರ ನಂಬರು ಬರೆದು ಮುಂದೆ ‘ಪಿಪಿ’ ಅಂತ ಸೇರಿಸುತ್ತಿದ್ದೆವು. ಪಕ್ಕದ ಮನೆಯ ಫೋನು, ಕರೆದು ಕೊಡುತ್ತಾರೆ ಅಂತ ಅರ್ಥ. ಕಾಂಪೌಂಡಿನ ಮೇಲಿಂದ ‘ನಿಮ್ಗೆ ಫೋನು ಕಣವ್ವಾ’ ಅಂತ ಕೂಗಿದರೆ ಒದ್ದೆ ಕೈಯಲ್ಲೇ ಓಡಬೇಕು. ನಾವು ಮಾತಿಗೆ ನಿಂತ ಕೂಡಲೇ ಅವರು ಅಡುಗೆಮನೆಗೆ ಹೋಗಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದರು. ‘ಒಬ್ರ ಮಾತು ನಮ್ಗ್ಯಾಕವ್ವ?’ ಅನ್ನುತ್ತಿದ್ದರು. ಆದರೂ ಕೇಳದೆ ಇರುತ್ತದೆಯೇ? ಯಾರ ಮಗಳು ಯಾರನ್ನು ಮೆಚ್ಚಿದ್ದಾಳೆ, ಯಾರ ಗಂಡ ಎಲ್ಲಿ ಸಾಲ ಮಾಡಿದ್ದಾನೆ, ಎಲ್ಲ ಅವರಿಗೆ ಗೊತ್ತಿತ್ತು. ಒಂದು ಮಾತೂ ಆ ಬಾಗಿಲು ದಾಟಲಿಲ್ಲ. ನನಗೆ ಎಕ್ಸ್‌ರೇ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ ಸುದ್ದಿ ಬಂದದ್ದೂ ಅದೇ ಫೋನಿಗೆ. ಸುದ್ದಿ ಹೇಳುವ ಮುಂಚೆ ಬಾಯಿಗೆ ಸಕ್ಕರೆ ಹಾಕಿದ್ದರು.

ಆ ಸಂಬಳದಲ್ಲಿ ನಾನು ಮೊಬೈಲು ತೆಗೆದುಕೊಂಡೆ. ಅರ್ಜಿಯಲ್ಲಿ ಇನ್ನೊಂದು ನಂಬರು ಕೇಳಿದ್ದರು. ಅಭ್ಯಾಸಬಲ, ದೊಡ್ಡಮ್ಮನದು ಬರೆದು ‘ಪಿಪಿ’ ಅಂದೆ.

ಒಂದು ತಿಂಗಳ ಬಿಲ್ಲು ಬಂತು. ಎರಡು ತಿಂಗಳ ಸಂಬಳ ಸುರಿದರೂ ಸಾಲದು. ಪುಟ ತುಂಬ ಪುಣೆಯ ಒಂದೇ ನಂಬರಿಗೆ ಕರೆ, ಗಂಟೆಗಟ್ಟಲೆ. ಪುಣೆಯಲ್ಲಿ ನನಗೆ ನರಪಿಳ್ಳೆಯೂ ಗೊತ್ತಿಲ್ಲ. ಕಂಪನಿಯ ಆಫೀಸಿಗೆ ಹೋದರೆ ‘ಕಂಪ್ಯೂಟರ್ ತೋರಿಸ್ತಾ ಇದೆಯಲ್ಲ ಮೇಡಂ’ ಅಂದರು. ನಾನೇನು ಸುಮ್ಮನೆ ಬಿಡುವವಳೇ? ಲ್ಯಾಬಿನ ಹಾಜರಿ ಪುಸ್ತಕದ ಪ್ರತಿ ಲಗತ್ತಿಸಿ ಕಾಗದದ ಮೇಲೆ ಕಾಗದ ಬರೆದೆ. ಆ ಕರೆಗಳ ಹೊತ್ತಿಗೆ ನಾನು ಫೋನನ್ನು ಆಫ್ ಮಾಡಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಎಕ್ಸ್‌ರೇ ಕೋಣೆಯೊಳಗಿದ್ದೆ. ಮೂರು ತಿಂಗಳಾದ ಮೇಲೆ ‘ಪರಿಶೀಲಿಸುತ್ತಿದ್ದೇವೆ’ ಅಂತ ಉತ್ತರ ಬಂತು. ‘ತಪ್ಪು ನಮ್ಮದು’ ಅನ್ನುವ ಒಂದು ಸಾಲು ಅವರ ಕೈಯಲ್ಲಿ ಬರೆಸಿಯೇ ತೀರುತ್ತೇನೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಬಿಲ್ಲು ವಸೂಲಿಯವರ ಕೈಗೆ ಹೋಗಿತ್ತು. ಅವರು ನನಗೆ ಫೋನು ಮಾಡಿದರೆ ನಾನು ಜಗಳ ಆಡುತ್ತಿದ್ದೆ. ಅದಕ್ಕೇ ಏನೋ, ದೊಡ್ಡಮ್ಮನ ಪಿಪಿ ನಂಬರಿಗೆ ಮಾಡತೊಡಗಿದ್ದರು. ನನಗದು ಗೊತ್ತೇ ಇರಲಿಲ್ಲ.

ಮುಂದಿನ ಸಲ ಆಫೀಸಿಗೆ ಹೋದಾಗ ಕೌಂಟರಿನ ಹುಡುಗಿ, ‘ಬಿಲ್ ಕಟ್ಟಿದೀರಲ್ಲ ಮೇಡಂ, ಕಂಪ್ಲೇಂಟ್ ಕ್ಲೋಸ್ ಆಗಿದೆ’ ಅಂದಳು. ರಸೀತಿಯ ಪ್ರತಿ ತೋರಿಸಿದಳು. ಕೆಳಗೆ ಸೊಟ್ಟಸೊಟ್ಟ ಅಕ್ಷರದಲ್ಲಿ ದೊಡ್ಡಮ್ಮನ ರುಜು.

ನೇರ ಅವರ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದರು.

‘ಯಾಕೆ ಕಟ್ಟಿದ್ರಿ ದೊಡ್ಡಮ್ಮ?’

‘ಬಾಗ್ಲಿಗೆ ಬರ್ತೀವಿ ಅಂದ್ರು ಕಣವ್ವ. ನಿಂಗೆ ಗಂಡು ನೋಡ್ತಾವ್ರೆ. ಪೂನಾ ಗೀನಾ ಅಂತ ಬೀದೀಲಿ ನಿಂತು ಕೂಗುದ್ರೆ ಏನ್ ಗತಿ?’

‘ನಾನು ಮಾತಾಡೇ ಇಲ್ಲ.’

‘ಅಂಗೇ ಇರ್ಲಿ ಬುಡು. ನಿಮ್ಮವ್ವಂಗೂ ಹೇಳಿಲ್ಲ ನಾನು.’

‘ಹೇಳೋಕೆ ಏನಿದೆ ದೊಡ್ಡಮ್ಮ? ಕಂಪನಿಯವರದು ತಪ್ಪು.’

ಅವರು ಮೊರದಿಂದ ತಲೆ ಎತ್ತಲಿಲ್ಲ. ‘ಇಷ್ಟ್ ವರ್ಷ ಫೋನ್ ಇಟ್ಕಂಡಿವ್ನಿ. ವಯಸ್ಸು ಕಣವ್ವ, ನಂಗೊತ್ತಾಗಲ್ವಾ?’

ಕಂಪನಿಯವರು ಕಳ್ಳಿ ಅಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇಡೀ ಊರು ಅನುಮಾನಪಟ್ಟರೂ ಇವರೊಬ್ಬರು ನನ್ನ ಮಾತು ನಂಬುತ್ತಾರೆ ಅಂದುಕೊಂಡಿದ್ದೆ. ಅವರೇ ದುಡ್ಡು ಕಟ್ಟಿ, ರುಜು ಹಾಕಿ, ನಾನು ಮಾತಾಡಿದ್ದೆ ಅಂತ ಒಪ್ಪಿಕೊಂಡು ಬಂದಿದ್ದರು. ಅವರನ್ನು ನಂಬಿಸುವುದಕ್ಕೆ ಬೇಕಿದ್ದ ಕಂಪನಿಯ ಆ ಒಂದು ಕಾಗದವೂ ಇನ್ನು ಬರುವಂತಿರಲಿಲ್ಲ. ಆ ದುಡ್ಡನ್ನು ಕಂತುಕಂತಾಗಿ ಅವರ ಫೋನಿನ ಪಕ್ಕ ಇಟ್ಟು ಬಂದೆ, ಮಾತಾಡದೆ. ಮದುವೆಯಲ್ಲಿ ಕಾಲಿಗೆ ಬಿದ್ದೆ, ಮುಖ ನೋಡಲಿಲ್ಲ. ನಾನೂ ಕಮ್ಮಿ ಹಟದವಳಲ್ಲ.

ಆರೇಳು ವರ್ಷದ ಮೇಲೆ, ದೊಡ್ಡಮ್ಮ ಮೇಲೇಳುವುದಿಲ್ಲವಂತೆ ಅಂತ ಅಮ್ಮ ಹೇಳಿದಾಗ ಗಂಡನ ಜೊತೆ ನೋಡಲು ಹೋದೆ. ಸಕ್ಕರೆ ಕಾಯಿಲೆ ಅವರನ್ನು ಅರ್ಧ ಮಾಡಿಬಿಟ್ಟಿತ್ತು. ನನ್ನ ಗಂಡನನ್ನು ‘ಒಂದು ಎಳನೀರು ತಂದ್ಕೊಡಪ್ಪ’ ಅಂತ ಹೊರಗೆ ಕಳಿಸಿದರು. ನನ್ನವರು ಗೇಟು ದಾಟಿದ ಮೇಲೆ ನನ್ನ ಕೈ ಹಿಡಿದು, ‘ಪೂನಾದೋನು ಎಂಗವ್ನೆ?’ ಅಂತ ಮೆಲ್ಲಗೆ ಕೇಳಿದರು. ಕೊಂಕು ಇರಲಿಲ್ಲ. ನಿಜಕ್ಕೂ ಅವನ ಬಗ್ಗೆ ಮರುಕವಿತ್ತು.

‘ಅಂಥವನು ಯಾರೂ ಇರ್ಲಿಲ್ಲ ದೊಡ್ಡಮ್ಮ. ದೇವ್ರಾಣೆಗೂ.’

ಕೈ ಒತ್ತಿದರು. ‘ಆಯ್ತು ಬುಡವ್ವ, ಇರ್ಲಿಲ್ಲ. ನನ್ ಜೊತೇಲೇ ಹೋಯ್ತದೆ.’

ಹದಿನೈದು ದಿನಕ್ಕೆ ಹೋದರು. ಮಂಡಕಳ್ಳಿ ಕಡೆ ಅವರದೇ ಹೊಲದಲ್ಲಿ ಮಣ್ಣು ಮಾಡಿದರು. ಆಡಿದ ಮಾತು ಉಳಿಸಿಕೊಂಡಿದ್ದರು. ಬೀದಿಯಲ್ಲಿ ಒಂದು ನರಪಿಳ್ಳೆಗೂ ಪುಣೆಯ ವಿಷಯ ಇವತ್ತಿಗೂ ಗೊತ್ತಿಲ್ಲ. ಒಂದು ಹಿಡಿ ಮಣ್ಣು ಹಾಕುವಾಗ ಅಳು ಬಂತು, ಸಿಟ್ಟೂ ಬಂತು. ನಾನು ಮಾತಾಡಿರಲಿಲ್ಲ ಅಂತ ನಂಬಬೇಕಾಗಿದ್ದವರು ಅವರೊಬ್ಬರೇ.