ದುಗ್ಗಮ್ಮನ ಒಟಿಪಿ

ಆಲೆಟ್ಟಿಯ ದುಗ್ಗಮ್ಮ ಇಪ್ಪತ್ತೆರಡು ವರ್ಷ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡಿದವರು. ಓದಿದ್ದು ಏಳನೆಯ ತರಗತಿ. ಆದರೆ ಕೈಯಲ್ಲಿ ಲ್ಯಾಕ್ಟೋಮೀಟರ್ ಇದ್ದಷ್ಟು ಹೊತ್ತು ಅವರಿಗೆ ನೆಂಟರೂ ಇಲ್ಲ, ನೆರೆಯವರೂ ಇಲ್ಲ. ಒಮ್ಮೆ ಗಂಡ ದೇರಣ್ಣನೇ ತಂದ ಹಾಲಿನಲ್ಲಿ ಆ ಗಾಜಿನ ಕಡ್ಡಿ ಒಂದು ಗೆರೆ ಹೆಚ್ಚು ಮುಳುಗಿತು. ಸಾಲಿನಲ್ಲಿ ನಿಂತವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ದುಗ್ಗಮ್ಮ ಕ್ಯಾನಿನ ಮುಚ್ಚಳ ಹಾಕಿ, "ಇದು ಮನೆಗೆ ಹೋಗ್ಲಿ, ಪಾಯಸ ಮಾಡುವ" ಎಂದು ಪಕ್ಕಕ್ಕಿಟ್ಟರು. ಕ್ಯಾನು ತೊಳೆದ ನೀರು ತಳದಲ್ಲಿ ಉಳಿದಿತ್ತು ಎಂದು ದೇರಣ್ಣ ಸಾಯುವವರೆಗೂ ವಾದಿಸುತ್ತಲೇ ಇದ್ದರು.

ನಿವೃತ್ತಿಯ ದಿನ ಸೊಸೈಟಿಯವರು ಒಂದು ಶಾಲು, ಒಂದು ಹರಿವಾಣ ಹಣ್ಣು, ಗುಂಡಿ ಒತ್ತುವ ಒಂದು ಸಣ್ಣ ಮೊಬೈಲ್ ಕೊಟ್ಟು ಕಳಿಸಿದರು. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಚ್ಚಲಿನ ಕಿಟಕಿಯ ಬಳಿ ಮಾತ್ರ, ಅದೂ ದುಗ್ಗಮ್ಮನ ಸಿಮ್ಮಿಗೆ ಮಾತ್ರ. ಹಾಗಾಗಿ ಆ ಫೋನು ಬಟ್ಟೆಯ ಚೀಲದೊಳಗೆ ಕುಳಿತು, ಕಿಟಕಿಯ ಪಕ್ಕದ ಮೊಳೆಗೆ ನೇತಾಡತೊಡಗಿತು. ಮಗ ತೀರ್ಥರಾಮನ ಹತ್ತಿರ ದೊಡ್ಡ ಫೋನು ಇತ್ತು. ಆದರೆ ಅವನು ಪಿಕಪ್ ಇಟ್ಟುಕೊಂಡು ಗುಡ್ಡಗುಡ್ಡದ ತೋಟಗಳಿಂದ ರಬ್ಬರ್ ಶೀಟುಗಳನ್ನು ಸುಳ್ಯಕ್ಕೆ ಸಾಗಿಸುವವನು. ಯಾರು ಯಾವಾಗ ಕರೆದರೂ ಅವನು ವ್ಯಾಪ್ತಿ ಪ್ರದೇಶದ ಹೊರಗೇ.

ಅವನ ಮಗಳು ಭವಿತಾ ಎರಡನೇ ಪಿಯುಸಿಗೆ ಬಂದಾಗ ಇಂಜಿನಿಯರಿಂಗ್‌ಗೆ ಒಂದು, ತಿರುಪತಿಯಲ್ಲಿರುವ ಕೇಂದ್ರ ಸರಕಾರದ ವಿಜ್ಞಾನ ಸಂಸ್ಥೆಗೆ ಒಂದು, ಹೀಗೆ ಎರಡು ಅರ್ಜಿ ಹಾಕಿದಳು. ಎರಡನೆಯದರಲ್ಲಿ ಐದು ವರ್ಷ ಭೌತಶಾಸ್ತ್ರ ಕಲಿಯಬಹುದು, ಆದರೆ ದೇಶದ ಲಕ್ಷಗಟ್ಟಲೆ ಮಕ್ಕಳು ಅದಕ್ಕೆ ಪರೀಕ್ಷೆ ಬರೆಯುತ್ತಾರೆ. ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳಿದ ಕಡೆಯಲ್ಲೆಲ್ಲ ಅವಳು ಅಜ್ಜಿಯ ನಂಬರನ್ನೇ ಬರೆದಳು.

ಮೊದಲ ದಿನವೇ ಫಜೀತಿಯಾಯಿತು. ಸುಳ್ಯ ಪೇಟೆಯಲ್ಲಿ ಆದಂ ಕುಂಞಿಯ ಸೈಬರ್ ಅಂಗಡಿ ಉಂಟು. ಅಲ್ಲಿ ಕುಳಿತು ಭವಿತಾ ಅರ್ಜಿ ತುಂಬಿಸಿ, ಆದಂ ಕುಂಞಿಯ ಫೋನಿನಿಂದ ಅಜ್ಜಿಗೆ ಕರೆ ಮಾಡಿದಳು.

"ಅಜ್ಜಿ, ಈಗ ಒಂದು ಮೆಸೇಜು ಬಂತಲ್ಲ? ಅದರಲ್ಲಿ ಆರು ಅಂಕೆ ಉಂಟು. ಬೇಗ ಹೇಳು."

"ಹೇಳುದಿಲ್ಲ," ಎಂದರು ದುಗ್ಗಮ್ಮ.

ಕಳೆದ ತಿಂಗಳು ಮಹಿಳಾ ಸಂಘದ ಸಭೆಗೆ ಬಂದಿದ್ದ ಬ್ಯಾಂಕಿನ ಅಧಿಕಾರಿ ಕೈಮುಗಿದು ಹೇಳಿಹೋಗಿದ್ದರು: ಆ ಆರು ಅಂಕೆಯನ್ನು ಯಾರಿಗೂ ಕೊಡಬೇಡಿ, ಮಗ ಎಂದರೂ ಮೊಮ್ಮಗಳು ಎಂದರೂ ನಂಬಬೇಡಿ, ಈಗ ದನಿಯನ್ನೂ ಕದಿಯುತ್ತಾರೆ. ಸಭೆಯಲ್ಲಿ ನಲವತ್ತು ಹೆಂಗಸರಿದ್ದರು. ಆ ಮಾತನ್ನು ವ್ರತದ ಹಾಗೆ ಹಿಡಿದವರು ದುಗ್ಗಮ್ಮ ಒಬ್ಬರೇ.

"ಅಜ್ಜಿ, ನಾನು ಭವಿತಾ!"

"ಅದು ಹೇಗೆ ಗೊತ್ತಾಗ್ಬೇಕು? ನಮ್ಮ ದನದ ಹೆಸರೆಂತ?"

"ಗೌರಿ."

"ಊರಲ್ಲಿ ಅರ್ಧ ದನಕ್ಕೆ ಗೌರಿ ಅಂತಲೇ ಹೆಸರು. ಬೇರೆ ಎಂತಾದ್ರೂ ಹೇಳು. ಮನೆಯವರಿಗೆ ಮಾತ್ರ ಗೊತ್ತಿರುವಂಥದ್ದು."

ಅತ್ತ ಕಡೆಯಿಂದ ಸಣ್ಣ ದನಿ: "ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಒಡೆದದ್ದು ಬೆಕ್ಕಲ್ಲ. ನಾನು."

"ಓ! ಹಾಗಾದ್ರೆ ನೀನು ಭವಿತಾಳೇ," ಎಂದು ದುಗ್ಗಮ್ಮ ಆರು ಅಂಕೆಗಳನ್ನು ಒಂದೊಂದಾಗಿ ಓದಿದರು. ಅಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಎರಡನೆಯ ಸಲ ಬಂದದ್ದು ಸರಿಹೋಯಿತು. ಒಡೆದ ಭರಣಿಯ ವಿಚಾರಣೆ ಮಾತ್ರ ಸಂಜೆ ಮನೆಯಲ್ಲಿ ಬೇರೆಯಾಗಿಯೇ ನಡೆಯಿತು.

ಜೂನ್ ತಿಂಗಳಲ್ಲಿ ಫಲಿತಾಂಶಗಳು ಬಂದವು. ಇಂಜಿನಿಯರಿಂಗ್‌ನಲ್ಲಿ ಭವಿತಾಳಿಗೆ ಒಳ್ಳೆಯ ರ‍್ಯಾಂಕ್ ಬಂದು, ಸುಳ್ಯದಲ್ಲೇ ಕಂಪ್ಯೂಟರ್ ಸೈನ್ಸ್ ಸೀಟು ಸಿಗುವುದು ಖಾತ್ರಿಯಾಯಿತು. ತಿರುಪತಿಯದು ಮೊದಲ ಸುತ್ತಿನಲ್ಲಿ ಬರಲಿಲ್ಲ, ಎರಡನೆಯದರಲ್ಲೂ ಬರಲಿಲ್ಲ. ಮೂರನೆಯ ಸುತ್ತಿನಲ್ಲಿ ಬಂತು. ಭವಿತಾ ಅಂಗಳದಲ್ಲಿ ಗೌರಿಯ ಕುತ್ತಿಗೆ ಅಪ್ಪಿಕೊಂಡು ಕುಣಿದಳು. ತೀರ್ಥರಾಮ ಮಾತ್ರ ಕುಣಿಯಲಿಲ್ಲ.

"ಫಿಸಿಕ್ಸ್ ಕಲಿತು ಎಂತ ಮಾಡುದು ಮಗಾ? ಕೊನೆಗೆ ಟ್ಯೂಶನ್ ಹೇಳಿ ಕೊಡುದಾ?" ಎಂದ. ಮಗಳು ಇಂಜಿನಿಯರ್ ಆಗುತ್ತಾಳೆಂದು ಅವನು ಆಗಲೇ ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಹೇಳಿಯಾಗಿತ್ತು. ಮೂರು ದಿನ ಅಪ್ಪನೂ ಮಗಳೂ ಸೌಟು, ಉಪ್ಪಿನ ಪಾತ್ರೆಗಳನ್ನೂ ದುಗ್ಗಮ್ಮನ ಮೂಲಕವೇ ದಾಟಿಸಿಕೊಂಡರು.

ತಿರುಪತಿಯ ಸೀಟನ್ನು ಒಪ್ಪಿಕೊಳ್ಳಲು ಶುಕ್ರವಾರ ಸಂಜೆ ಐದರವರೆಗೆ ಸಮಯವಿತ್ತು. ಆ ಬೆಳಿಗ್ಗೆ ತೀರ್ಥರಾಮ ಚಹಾವನ್ನೂ ಕುಡಿಯದೆ ಪಿಕಪ್ ಹತ್ತಿ ಹೋದ. ಹತ್ತೂವರೆಗೆ ಬಚ್ಚಲಿನಲ್ಲಿ ಫೋನು ಟಿಣ್ ಎಂದಿತು, ಹಿಂದೆಯೇ ಗಂಟೆ ಬಾರಿಸಿತು.

"ಅವ್ವ, ಒಂದು ಮೆಸೇಜು ಬಂತಲ್ಲ, ಅದರ ನಂಬರ್ ಹೇಳು."

ದುಗ್ಗಮ್ಮ ಕನ್ನಡಕ ಏರಿಸಿ ನೋಡಿದರು. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ದೊಡ್ಡಕ್ಷರಗಳ ಗುರುತು ಮಾತ್ರ ಇತ್ತು. ಆದರೆ ಅಲ್ಲಿದ್ದ ಒಂದು ಉದ್ದದ ಶಬ್ದ ಚೆನ್ನಾಗಿ ಪರಿಚಯದ್ದಾಗಿತ್ತು. ಸಂಘದ ದುಡ್ಡು ತೆಗೆಯಲು ಬ್ಯಾಂಕಿಗೆ ಹೋದಾಗಲೆಲ್ಲ ತುಂಬಿಸುವ ಚೀಟಿಯ ತಲೆಯ ಮೇಲೆ ಅದೇ ಶಬ್ದ ಇರುತ್ತಿತ್ತು: ವಿತ್‌ಡ್ರಾವಲ್.

"ತೀರ್ಥ, ಇದು ಹಾಕುದಲ್ಲ, ತೆಗೆಯುದು. ನೀನು ಎಂತ ತೆಗೀಲಿಕ್ಕೆ ಹೊರಟದ್ದು?"

"ಎಂತ ಇಲ್ಲ ಅವ್ವ. ಎರಡು ಕಡೆ ಹೆಸರು ಇರಬಾರದಂತೆ. ಭವಿತಾ ಹೇಳಿಯೇ ನಾನು ಬಂದದ್ದು."

"ಭವಿತಾ ಇಲ್ಲಿ ದೋಸೆ ತಿಂತಾ ಇದ್ದಾಳೆ. ಕರೆಯುದಾ?"

ಅತ್ತ ಕಡೆ ಕೆಮ್ಮು ಕೇಳಿಸಿತು. ಆಮೇಲೆ ದನಿ ಬದಲಾಯಿತು. "ದುಗ್ಗಮ್ಮಕ್ಕ, ನಾನು ಆದಂ. ನಂಬರ್ ಒಂದು ಹೇಳಿಬಿಡಿ ಮಾರಾಯ್ರೆ, ಇಲ್ಲಿ ಜನ ಕಾಯ್ತಾ ಇದ್ದಾರೆ."

"ಮಗನಿಗೇ ಹೇಳದ್ದನ್ನು ನಿಂಗೆ ಹೇಳುದಾ ಆದಂ? ಬ್ಯಾಂಕಿನವರು ಎಂತ ಹೇಳಿದ್ದಾರೆ ಗೊತ್ತುಂಟಾ?"

ಬ್ಯಾಂಕಿನವರು ಹೇಳಿದ್ದನ್ನು ದುಗ್ಗಮ್ಮ ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸುವಷ್ಟರಲ್ಲಿ ಮೂರು ಒಟಿಪಿಗಳು ಬಂದು ಸತ್ತವು. ಎರಡು ಗಂಟೆ ಬಿಟ್ಟು ಪ್ರಯತ್ನಿಸಿ ಎಂದು ಹೇಳಿ ಕಂಪ್ಯೂಟರೇ ಬಾಗಿಲು ಹಾಕಿಕೊಂಡಿತು.

ದುಗ್ಗಮ್ಮ ಸೆರಗು ಸರಿಮಾಡಿಕೊಂಡರು. "ಭವಿತಾ, ಕೈ ತೊಳಿ. ಸುಳ್ಯಕ್ಕೆ ಹೋಗ್ಲಿಕ್ಕುಂಟು."

ಅಜ್ಜಿ, ಮೊಮ್ಮಗಳು ರಿಕ್ಷಾ ಇಳಿಯುವಾಗ ತೀರ್ಥರಾಮ ಸೈಬರ್ ಅಂಗಡಿಯ ಮರದ ಬೆಂಚಿನಲ್ಲಿ ಕೂತಿದ್ದ. ಅವರನ್ನು ಕಂಡವನೇ ಎದ್ದು ನಿಂತ. ನಲವತ್ತಾರು ವರ್ಷದ ಗಂಡಸು, ಶಾಲೆ ತಪ್ಪಿಸಿ ಸಿಕ್ಕಿಬಿದ್ದವನ ಹಾಗೆ ಕಾಣುತ್ತಿದ್ದ. ದುಗ್ಗಮ್ಮನಿಗೆ ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಆ ಮುಖ ನೋಡಿ ಮರೆತೇಹೋದವು.

"ತಿರುಪತಿಯ ಸೀಟು ಬಿಟ್ಟುಕೊಡ್ಲಿಕ್ಕೆ ಎಂತಕ್ಕೆ ಹೊರಟದ್ದು ಮಗಾ?"

ತೀರ್ಥರಾಮ ನೆಲ ನೋಡಿದ. "ಸುಳ್ಯದಲ್ಲಾದ್ರೆ ದಿನಾ ಕಾಲೇಜಿನ ಗೇಟಿನವರೆಗೆ ನಾನೇ ಬಿಡ್ತಿದ್ದೆ ಅವ್ವ. ತಿರುಪತಿಗೆ ಪಿಕಪ್ಪಲ್ಲಿ ಬಿಡ್ಲಿಕ್ಕೆ ಆಗ್ತದಾ?"

ಟ್ಯೂಶನ್ನಿನ ಮಾತು, ಇಂಜಿನಿಯರಿನ ಮಾತು ಎಲ್ಲ ಮೇಲಿನ ನೊರೆ, ಒಳಗಿದ್ದ ಸಂಗತಿ ಇದು ಎಂದು ದುಗ್ಗಮ್ಮನಿಗೆ ಆಗ ತಿಳಿಯಿತು. ಹದಿನೆಂಟನೆಯ ವಯಸ್ಸಿನಲ್ಲಿ ಇವನೇ ಲಾರಿಯೊಂದರಲ್ಲಿ ಕ್ಲೀನರಾಗಿ ಮುಂಬೈಗೆ ಹೋಗಿ ಎರಡು ತಿಂಗಳು ಪತ್ತೆಯಿರಲಿಲ್ಲ. ಅದನ್ನು ಅಷ್ಟು ಜನರೆದುರು ಅವರು ಎತ್ತಲಿಲ್ಲ.

ಭವಿತಾ ಆದಂ ಕುಂಞಿಯ ಮೇಜಿನ ಮೇಲಿದ್ದ ಅಗಲದ ರಬ್ಬರ್ ಬ್ಯಾಂಡೊಂದನ್ನು ತೆಗೆದುಕೊಂಡು, ಪಟ್ಟನೆ ಉದ್ದಕ್ಕೆ ಎಳೆದು, ಅಪ್ಪನ ತುಟಿಗೆ ತಾಗಿಸಿದಳು.

"ಏ, ಎಂತ ಮಾಡುದು ನೀನು?"

"ಹೇಗುಂಟು ಅಪ್ಪ?"

"ಬೆಚ್ಚಗೆ."

ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದು, ಸಡಿಲ ಬಿಟ್ಟು ಮತ್ತೆ ತಾಗಿಸಿದಳು. ಈಗ ತಣ್ಣಗಿತ್ತು. ತೀರ್ಥರಾಮ ರಬ್ಬರ್ ಬ್ಯಾಂಡನ್ನು ಅವಳ ಕೈಯಿಂದ ಕಿತ್ತುಕೊಂಡು ತಾನೇ ಎಳೆದು ನೋಡಿದ. ಬೆಚ್ಚಗೆ. ಬಿಟ್ಟ. ತಣ್ಣಗೆ. ಇಪ್ಪತ್ತು ವರ್ಷ ರಬ್ಬರಿನ ವಾಸನೆಯಲ್ಲೇ ಬದುಕಿದವನು, ಅವನ ಅಂಗಿ ಹಾಸಿಗೆಗೂ ಅದೇ ವಾಸನೆ. ಹೀಗೊಂದು ಉಂಟೆಂದು ಗೊತ್ತೇ ಇರಲಿಲ್ಲ.

"ಇದು ಯಾಕೆ ಹೀಗೆ?"

"ಸ್ವಲ್ಪ ಗೊತ್ತುಂಟು. ಪೂರ್ತಿ ಗೊತ್ತಿಲ್ಲ," ಎಂದಳು ಭವಿತಾ. "ಅದಕ್ಕೇ ಅಲ್ಲಿಗೆ ಹೋಗ್ತೇನೆ ಅಂತ ಹೇಳುದು."

ಅಷ್ಟರಲ್ಲಿ ಆದಂ ಕುಂಞಿಯೂ ಒಂದು ಬ್ಯಾಂಡ್ ಎಳೆದು ತುಟಿಗಿಟ್ಟುಕೊಂಡಿದ್ದ. ಪಹಣಿ ತೆಗೆಸಲು ಬಂದವರು, ಆಧಾರ್ ತಿದ್ದಿಸಲು ಬಂದವರು ಎಲ್ಲ ಒಂದೊಂದು ಹಿಡಿದರು. ಹತ್ತು ನಿಮಿಷ ಆ ಅಂಗಡಿಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಕೊನೆಗೆ ತೀರ್ಥರಾಮ ಬ್ಯಾಂಡನ್ನು ಜೇಬಿಗೆ ಹಾಕಿಕೊಂಡು, "ಆದಂ, ಕಂಪ್ಯೂಟರು ಹೇಳಿದ ಎರಡು ಗಂಟೆ ಕಳೀತಾ ನೋಡು. ಒಪ್ಪಿಗೆ ಅಂತ ಒತ್ತು," ಎಂದ.

ಆದಂ ಕುಂಞಿ ಒತ್ತಿದ. ಒಟಿಪಿ ಕಳುಹಿಸಲಾಗಿದೆ ಎಂದು ಬಂತು. ಎಲ್ಲರೂ ದುಗ್ಗಮ್ಮನ ಮುಖ ನೋಡಿದರು.

"ಫೋನು..." ಎಂದರು ದುಗ್ಗಮ್ಮ. "ಬಚ್ಚಲಿನಲ್ಲಿ ಉಂಟು."

ಆ ಫೋನನ್ನು ಮೊಳೆಯಿಂದ ತೆಗೆದು ಪೇಟೆಗೆ ತರಬಹುದೆಂದು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಆದಂ ಕುಂಞಿಯ ಫೋನಿನಿಂದ ಮನೆಗೆ ಕರೆ ಹೋಯಿತು. ಎತ್ತಿದ್ದು ಭವಿತಾಳ ತಾಯಿ, ಸೊಸೆ ಶೀಲಾವತಿ.

"ಶೀಲಾ, ನಾನು. ಈಗ ಬಂದ ಆರು ಅಂಕೆ ಓದಿ ಹೇಳು."

"ಯಾರಿಗೂ ಹೇಳ್ಬಾರ್ದು ಅಂತ ನಮ್ಮ ಅತ್ತೆ ಹೇಳಿದ್ದಾರೆ," ಎಂದಳು ಶೀಲಾವತಿ. ಹದಿನೆಂಟು ವರ್ಷ ಅತ್ತೆಯ ಕೈಕೆಳಗೆ ತಯಾರಾದವಳು ಅವಳು.

"ನಾನೇ ನಿನ್ನ ಅತ್ತೆ ಮಾರಾಯ್ತಿ!"

"ಅದು ಹೇಗೆ ಗೊತ್ತಾಗ್ಬೇಕು? ಮೊನ್ನೆ ಪತ್ರೊಡೆಗೆ ಎರಡು ಸಲ ಉಪ್ಪು ಹಾಕಿದ್ದು ಯಾರು?"

ದುಗ್ಗಮ್ಮ ಸುತ್ತ ನೋಡಿದರು. ಮೊನ್ನೆ ನೆಂಟರೆದುರು ಆ ತಪ್ಪನ್ನು ಅವರು ಸೊಸೆಯ ತಲೆಗೇ ಕಟ್ಟಿದ್ದರು. ಈಗ ಅಂಗಡಿಯಲ್ಲಿ ಒಂಬತ್ತು ಜನ ರಬ್ಬರ್ ಬ್ಯಾಂಡ್ ಹಿಡಿದುಕೊಂಡು ಕಿವಿ ನಿಮಿರಿಸಿ ನಿಂತಿದ್ದರು.

"ನಾನು," ಎಂದರು ಮೆಲ್ಲಗೆ.

"ಸರಿಯಾಗಿ ಕೇಳ್ಲಿಲ್ಲ."

"ನಾನು! ನಾನೇ ಹಾಕಿದ್ದು! ಇನ್ನು ಓದು!"

ಶೀಲಾವತಿ ಆರು ಅಂಕೆಗಳನ್ನು ಸಾವಕಾಶವಾಗಿ, ಒಂದೊಂದನ್ನೂ ಸವಿಯುತ್ತ ಓದಿದಳು. ಒಂದೂಕಾಲಿಗೆ ತಿರುಪತಿಯ ಸೀಟು ಭವಿತಾಳದಾಯಿತು.

ಆಗಸ್ಟಿನಲ್ಲಿ ಮನೆಮಂದಿ ನಾಲ್ವರೂ ಪುತ್ತೂರಿನಲ್ಲಿ ರೈಲು ಹತ್ತಿದರು. ಗೌರಿಯ ಜವಾಬ್ದಾರಿ ನೆರೆಮನೆಯವರದು. ತಿರುಪತಿಗೆ ಎಂದಾಕ್ಷಣ ಊರಿನವರೆಲ್ಲ "ಎಂತ ಹರಕೆ?" ಎಂದು ಕೇಳಿದರು. ಮಗಳನ್ನು ಓದಲು ಬಿಟ್ಟುಬರುವುದಕ್ಕೆ ಎಂದರೆ ಯಾರೂ ನಂಬಲಿಲ್ಲ. ಹಾಸ್ಟೆಲಿನಲ್ಲಿ ದುಗ್ಗಮ್ಮ ಮೊದಲು ಮೆಸ್ಸಿನ ಹಾಲು ನೋಡಬೇಕೆಂದು ಹಟ ಹಿಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ನಡೀತದೆ" ಎಂದರು. ತೀರ್ಥರಾಮ ಬಕೆಟು, ಹಾಸಿಗೆ, ಹಲಸಿನ ಹಪ್ಪಳದ ಡಬ್ಬಿ ಎಲ್ಲ ಕೋಣೆಗೆ ಮುಟ್ಟಿಸಿ, ಮಗಳ ಕಿಟಕಿಯ ಚಿಲಕ ಸರಿಯಾಗಿ ಬೀಳುತ್ತದೆಯೇ ಎಂದು ನಾಲ್ಕು ಸಲ ಹಾಕಿ ತೆಗೆದು ನೋಡಿದ.

ಮರುದಿನ ಬೆಟ್ಟಕ್ಕೆ ಹೋಗಿ ಅವನು ತಲೆ ಬೋಳಿಸಿಕೊಂಡ. ಹರಕೆಯೇನೂ ಇರಲಿಲ್ಲ. ಕಣ್ಣು ಯಾಕೆ ಕೆಂಪು ಎಂದು ಕೇಳಿದವರಿಗೆ ಕೂದಲು ಬಿತ್ತು ಎನ್ನಲು ಒಂದು ನೆಪ ಬೇಕಿತ್ತು ಎಂದು ದುಗ್ಗಮ್ಮನಿಗೆ ಗೊತ್ತು, ಅವರು ಅದನ್ನು ಯಾರಿಗೂ ಹೇಳಿಲ್ಲ. ವಾಪಸು ಬಂದು ಸುಳ್ಯದಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನ ಪರಿಚಯದವರೊಬ್ಬರು ಆ ತಲೆ ನೋಡಿ, "ಅಂತೂ ಮಗಳಿಗೆ ಇಂಜಿನಿಯರಿಂಗ್ ಸೀಟು ಆಯ್ತು!" ಎಂದರು.

"ಅಲ್ಲ, ಫಿಸಿಕ್ಸ್," ಎಂದ ತೀರ್ಥರಾಮ.

"ಅದರಲ್ಲಿ ಎಂತ ಉಂಟು ತೀರ್ಥಣ್ಣ?"

ತೀರ್ಥರಾಮ ಚೀಲವನ್ನು ಕೆಳಗಿಟ್ಟು, ಜೇಬಿನಿಂದ ರಬ್ಬರ್ ಬ್ಯಾಂಡ್ ತೆಗೆದು ವಿವರಿಸಲು ಶುರುಮಾಡಿದ. ಆಲೆಟ್ಟಿಯ ಬಸ್ಸು ಬಂತು, ಹೋಯಿತು. ಅತ್ತೆ ಸೊಸೆ ಇಬ್ಬರೂ ಪಕ್ಕದ ಕಟ್ಟೆಯ ಮೇಲೆ ಕುಳಿತು, ಮುಂದಿನ ಬಸ್ಸಿಗೆ ಕಾಯುತ್ತ ಲಾಡು ಮುರಿದು ತಿಂದರು.