ದೀಪ ದೊಡ್ಡದು ಮಾಡುವ ಡಬ್ಬಿ

ಕುಲಗೋಡದ ನಮ್ಮ ಕಾಕುಗೆ, ಅಂದರೆ ಚಿಕ್ಕಮ್ಮನಿಗೆ, ಮೊಣಕಾಲಿನ ಆಪರೇಷನ್ ಆಗಿತ್ತು. ಕಬ್ಬಿನ ಟ್ರ್ಯಾಕ್ಟರುಗಳ ಧೂಳಿಗೆ ಹೆದರಿ ಕಿಟಕಿ ಮುಚ್ಚಿಟ್ಟ ಕೋಣೆ, ಹಗಲಲ್ಲೂ ಲೈಟು ಬೇಕು. ಅದರ ಬಟನ್ ಒತ್ತಲು ಪ್ರತಿ ಸಲ ಸೊಸೆಯನ್ನು ಕೂಗುವುದು ಅವರಿಗೆ ಕಾಲುನೋವಿಗಿಂತ ದೊಡ್ಡ ಸಂಕಟವಾಗಿತ್ತು.

ಅದಕ್ಕೇ ಗೋಕಾಕದ ನನ್ನ ಮನೆಯಲ್ಲಿ ಎರಡು ತಿಂಗಳು ಕೂತು, ಅಂಗೈಯಗಲದ ಕಂಪ್ಯೂಟರಿಗೆ ಮೈಕು ಜೋಡಿಸಿ, ಕನ್ನಡ ಕಲಿಸಿ ಒಯ್ದೆ. ‘ಹಚ್ಚು’ ಅಂದರೆ ಲೈಟು ಹತ್ತುತ್ತದೆ, ‘ಆರಿಸು’ ಅಂದರೆ ಆರುತ್ತದೆ, ‘ದೊಡ್ಡದು ಮಾಡು’ ಅಂದರೆ ಬೆಳಕು ಹೆಚ್ಚುತ್ತದೆ.

ಮಧ್ಯಾಹ್ನದ ಊಟವಾದ ಮೇಲೆ ಕಾಕು ಮಲಗಲು ಒರಗಿ, “ದೀಪ ದೊಡ್ಡದು ಮಾಡಪಾ” ಅಂದರು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು.

“ಆರಿಸು ಅನ್ರಿ, ಕಾಕು.”

“ನಿಮ್ಮ ಕಾಕಾ ಹೊಲಕ್ಕ ಹೋಗ್ಯಾರ, ನಾ ಮನಿ ದೀಪ ಆರಿಸು ಅನ್ಲೇನ?”

“ದೀಪ ಅಲ್ರಿ, ಬಲ್ಬ್ ಐತಿ.”

“ನಿನ್ನ ಡಬ್ಬಿಗೆ ಮಾತಾಡೋ ರೀತಿ ಗೊತ್ತಿಲ್ಲ. ಮೊದಲ ಅದನ್ನ ಕಲಿಸು.”

ಆರಿಸು ಅನ್ನುವುದು ಅಪಶಕುನವೆಂದು ನಮ್ಮ ಕಡೆ ದೀಪವನ್ನು ಯಾರೂ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ ಎಂಬುದು ನಿಜ. ಆದರೆ ದೊಡ್ಡದು ಅಂದರೆ ದೊಡ್ಡದು ಎಂದು ನಂಬಿದ್ದು ಯಂತ್ರದ ಅಪರಾಧವೇ? ನನಗೆ ವಿಪರೀತ ಸಿಟ್ಟು ಬಂತು. ಅಷ್ಟರಲ್ಲಿ ಕಾಕು ಮತ್ತೆ ಸೊಸೆಯನ್ನು ಕೂಗಲು ಬಾಯಿ ತೆರೆದರು. ಸಿಟ್ಟು ನುಂಗಿ, ಅಲ್ಲೇ ಕೂತು ಪ್ರೋಗ್ರಾಮು ತಿದ್ದಿದೆ. ಈಗ ಡಬ್ಬಿ ‘ದೊಡ್ಡದು ಮಾಡು’ ಅಂದರೆ ಕತ್ತಲು ಮಾಡುತ್ತದೆ. ಕಾಕು ಯಾರನ್ನೂ ಕೂಗದೆ ನಿದ್ದೆ ಹೋದರು.

“ಖರೆನ ಬೆಳಕು ಹೆಚ್ಚ ಬೇಕಾದ್ರ ಏನ ಅನ್ನೂದ್ರಿ?” ಎಂದು ಸೊಸೆಯನ್ನು ಕೇಳಿದೆ.

“ಏನೂ ಅನ್ನೂದ್ ಬ್ಯಾಡ್ರಿ,” ಅಂದಳು ಆಕೆ. “ಕಿಡಕಿ ತಗದ್ರಾತು.”