ಸ್ವೆಟರಿನೊಳಗಿನ ಎರಡು ಹೆಸರು

ಕರಾಟಿನಾ ಪೇಟೆಯಲ್ಲಿ ಶಾಲೆಯ ಸ್ವೆಟರ್ ಹೆಣೆಯುವ ಗಥೋನಿಗೆ ಹೊಟ್ಟೆಕಿಚ್ಚು ಹುಟ್ಟುಗುಣ. ಪಕ್ಕದ ಅಂಗಡಿಗೆ ಇಬ್ಬರು ಗಿರಾಕಿ ಹೆಚ್ಚು ಬಂದರೆ ಅವತ್ತು ಇವಳಿಗೆ ಊಟ ಸೇರುತ್ತಿರಲಿಲ್ಲ. ಗಂಡ ಕಿರಾಗು ಬಸ್ಸಿನಲ್ಲಿ ಯಾವ ಹೆಂಗಸಿನ ಪಕ್ಕ ಕೂತು ಬಂದನೆಂದು ಅವನ ಕೋಟಿನ ವಾಸನೆಯಲ್ಲೇ ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದಳು. ಹೇಳಿದ್ದು ಒಂದೂ ನಿಜವಾಗಿರಲಿಲ್ಲ. ಆದರೂ ಆ ಬಡಪಾಯಿ ಪ್ರತಿ ಸಲವೂ ಆಣೆ ಹಾಕುತ್ತಿದ್ದ.

ಅವಳ ಉರಿಗೂ ಒಂದು ಕಾರಣವಿತ್ತು. ನಮ್ಮಲ್ಲಿ ಮೊದಲ ಹೆಣ್ಣಿಗೆ ಗಂಡನ ತಾಯಿಯ ಹೆಸರು, ಮೊದಲ ಗಂಡಿಗೆ ಗಂಡನ ತಂದೆಯ ಹೆಸರು; ಅದರಲ್ಲಿ ಯಾರ ಇಷ್ಟವೂ ನಡೆಯುವುದಿಲ್ಲ. ಹೆಸರು ಹೊತ್ತ ಮಗುವಿನಲ್ಲಿ ಆ ಹಿರಿಯರೇ ಮರಳಿ ಹುಟ್ಟುತ್ತಾರೆಂದು ನಂಬಿಕೆ. ಗಥೋನಿ ಹೆತ್ತದ್ದು ಒಂದೇ ಹೆಣ್ಣು, ಅದಕ್ಕೆ ಅತ್ತೆಯ ಹೆಸರು ವಾಮುಯು ಎಂದಾಯಿತು. ತೀರಿಹೋದ ಮಾವ ಮುರಿಗು ಮಾತ್ರ ಇನ್ನೂ ಯಾರ ಹೊಟ್ಟೆಯಲ್ಲೂ ಮರಳಿ ಹುಟ್ಟಿರಲಿಲ್ಲ. ಕಿರಾಗುವಿನ ಅಣ್ಣ ಗಿಟೊಂಗಾ ಮದುವೆಯಾಗುವಂತಿಲ್ಲದ ಕ್ಯಾಥೊಲಿಕ್ ಪಾದ್ರಿ, ಅವನಿಂದ ಆ ಆಸೆಯೇ ಇಲ್ಲ. ಹಾಗಾಗಿ ಅತ್ತೆ ಕಂಡಾಗಲೆಲ್ಲ ಸೊಸೆಯ ಹೊಟ್ಟೆಯ ಕಡೆಗೇ ನೋಡುತ್ತಿದ್ದಳು.

ಶಾಲೆ ತೆರೆಯುವ ವಾರ, ಮುಕುರ್ವೈನಿಯ ಕಡೆಯಿಂದ ನ್ಯಾಕಿಯೊ ಎಂಬವಳು ಬಂದು ಎರಡು ಸ್ವೆಟರ್ ಬೇಕೆಂದಳು. ಕಳೆದುಹೋಗದಿರಲೆಂದು ಕೊರಳಪಟ್ಟಿಯ ಒಳಗೆ ಮಕ್ಕಳ ಹೆಸರು ಹೊಲಿಯುವುದು ರೂಢಿ.

"ಹುಡುಗ ಮುರಿಗು, ಹುಡುಗಿ ವಾಮುಯು," ಎಂದಳು.

ಗಥೋನಿಯ ಕೈ ನಿಂತಿತು. "ನಿನ್ನ ಗಂಡನ ಅಪ್ಪ ಮುರಿಗುನಾ?"

"ಮದುವೆ ಆಗಿಲ್ಲಕ್ಕ."

"ಹಂಗಾದ್ರೆ ನಿಮ್ಮಪ್ಪ?"

"ನಮ್ಮಪ್ಪ ಕರಿಯುಕಿ. ಶುಕ್ರವಾರ ಸಿಗತ್ತೆ ತಾನೆ?"

ಮದುವೆಯಿಲ್ಲದವಳ ಮಕ್ಕಳಿಗೆ ಅವಳ ತವರಿನ ಹೆಸರೇ ಇರಬೇಕು. ಇಲ್ಲವೆಂದರೆ ಯಾವನೋ ತನ್ನ ಮಕ್ಕಳೆಂದು ಒಪ್ಪಿ ಹೆಸರು ಕೊಟ್ಟಿದ್ದಾನೆ. ಗಂಡನ ಮನೆಯ ಹೆಸರಿಗೆ ಒಂದು ತಾಳೆಯಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು, ಎರಡೂ ತಾಳೆಯಾಗಿದ್ದವು. ಕಿರಾಗು ತಿಂಗಳಿಗೊಮ್ಮೆ ಆಲೂಗಡ್ಡೆ ಮೂಟೆ ಹೊತ್ತುಕೊಂಡು ಹೋಗುತ್ತಿದ್ದುದೂ ಮುಕುರ್ವೈನಿಗೇ, ಯಾರೋ ಮುದಿ ಚಿಕ್ಕಮ್ಮನಿಗಂತೆ.

ಅವಳ ಮೈಯೆಲ್ಲ ಹೊತ್ತಿ ಉರಿಯಿತು. ಇನ್ನೊಬ್ಬಳು ಇದ್ದಾಳೆ ಎಂಬುದಕ್ಕಿಂತ, ತಾನು ಹೆರಬೇಕಿದ್ದ ಮುರಿಗುವನ್ನು ಅವಳು ಹೆತ್ತುಬಿಟ್ಟಳಲ್ಲ ಎಂಬ ಉರಿ ದೊಡ್ಡದು. ಆ ಹುಡುಗನ ಎದೆಯಳತೆಗೆ ಸ್ವೆಟರ್ ಹೆಣೆಯುವಾಗ ಕಣ್ಣು ಮಂಜಾಗಿ ಎರಡು ಸಲ ಎಳೆ ತಪ್ಪಿತು. ಶುಕ್ರವಾರ ಬಂದ ನ್ಯಾಕಿಯೊಗೆ ಇನ್ನೂ ಆಗಿಲ್ಲ ಎಂದು ಸುಳ್ಳು ಹೇಳಿ ಕಳಿಸಿದಳು.

ಭಾನುವಾರ ಅತ್ತೆಯ ಮನೆಯಲ್ಲಿ ಊಟ. ಚರ್ಚಿನ ಪೂಜೆ ಮುಗಿಸಿ ಫಾದರ್ ಗಿಟೊಂಗಾನೂ ಬಂದಿದ್ದ. ಅತ್ತೆ ಕೋಳಿಯ ಒಳ್ಳೆಯ ತುಂಡನ್ನೆಲ್ಲ ಪಾದ್ರಿ ಮಗನ ತಟ್ಟೆಗೇ ಬಡಿಸುತ್ತಿದ್ದಳು. ಗಥೋನಿ ಚೀಲದಿಂದ ಎರಡೂ ಸ್ವೆಟರ್ ತೆಗೆದು ಕೊರಳಪಟ್ಟಿ ಮಗುಚಿ ಮೇಜಿನ ಮೇಲೆ ಹಾಕಿದಳು.

"ಅತ್ತೆ, ನಿಮ್ಮ ಯಜಮಾನರು ಹುಟ್ಟಿದಾರೆ. ಮುಕುರ್ವೈನಿಯಲ್ಲಿ. ನನ್ನ ಹೊಟ್ಟೆ ನೋಡೋದು ಇನ್ನು ಬಿಡಿ, ನಿಮ್ಮ ಮಗನ್ನ ಕೇಳಿ!"

ಕಿರಾಗು ಸ್ವೆಟರ್ ನೋಡಿದ, ಅಣ್ಣನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, "ಹೌದು. ನನ್ನ ಮಕ್ಕಳೇ," ಎಂದ.

ಅಷ್ಟು ವರ್ಷ ಅನುಮಾನಪಟ್ಟವಳಿಗೆ ಆ ಒಂದು "ಹೌದು" ತಡೆದುಕೊಳ್ಳಲಾಗಲಿಲ್ಲ. ಆ ಸ್ವೆಟರಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆಗೆ ಅದರ ಪರಿವೆಯೂ ಇಲ್ಲ. "ಮುರಿಗು ಹುಟ್ಟಿದಾನಾ? ಎಷ್ಟು ವರ್ಷ ಅವನಿಗೆ? ಹೇಳೋ!" ಎಂದು ಮಗನ ತೋಳು ಅಲ್ಲಾಡಿಸಿದಳು.

"ಒಂಬತ್ತು," ಎಂದವನು ಗಿಟೊಂಗಾ. ಅವನು ತಟ್ಟೆ ದೂರ ಸರಿಸಿದ್ದ. "ಸುಳ್ಳು ಹೇಳಬೇಡ ಕಿರಾಗು. ಗಥೋನಿ, ನಿನ್ನ ಗಂಡನ ಅಪ್ಪ ಅಮ್ಮನೇ ಅಲ್ವೇನಮ್ಮ ನನಗೂ ಅಪ್ಪ ಅಮ್ಮ? ಅವು ನನ್ನ ಮಕ್ಕಳು. ಬೇರೆ ಏನೂ ಕೊಡೋಕಾಗಲಿಲ್ಲ, ಹೆಸರು ಕೊಟ್ಟೆ."

ಅತ್ತೆ ಮಾವನ ಹೆಸರಿಗೆ ಅಣ್ಣ ತಮ್ಮ ಇಬ್ಬರೂ ವಾರಸುದಾರರು ಎಂಬುದು ಗಥೋನಿಗೆ ಹೊಳೆದೇ ಇರಲಿಲ್ಲ. ಪಾದ್ರಿಯನ್ನು ಅವಳು ಗಂಡಸರ ಲೆಕ್ಕಕ್ಕೆ ಹಿಡಿದಿದ್ದರೆ ತಾನೆ! ಅತ್ತೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು, ಬಾಗಿಲು ಹಾಕಿ ಬರಲು ಎದ್ದಳು.

ಮನೆಗೆ ಮರಳುವಾಗ ಗಥೋನಿಗೆ ಹಗುರಾಗಬೇಕಿತ್ತು, ಆಗಲಿಲ್ಲ.

"ನನಗಾದ್ರೂ ಹೇಳಬಾರದಿತ್ತಾ?"

"ನಿನಗೆ ಹೇಳೋದೂ ಒಂದೇ, ಸಂತೆಲಿ ಸಾರೋದೂ ಒಂದೇ."

"ಆಯ್ತು. ಹೌದು ಅಂದ್ಯಲ್ಲ, ನಾನು ಆಗಲೇ ಗಂಟುಮೂಟೆ ಕಟ್ಟಿ ಹೋಗಿದ್ರೆ?"

"ಏನ್ಮಾಡೋದು, ನೀನು ಹೋಗ್ತಿದ್ದೆ," ಎಂದ ಕಿರಾಗು. "ಅವನು ನಮ್ಮಣ್ಣ."

ಗಂಡನನ್ನು ಯಾರೂ ಕಸಿಯದಿರಲೆಂದು ಇಷ್ಟು ವರ್ಷ ಗಥೋನಿ ಕಣ್ಣಿಟ್ಟು ಕಾದದ್ದು ಹೆಂಗಸರನ್ನು ಮಾತ್ರ.